ಅಜ್ಜಿಗೂ ಒಂದು ತವರಿತ್ತು

ಪಂಚಮಿ ಬಂತು ಅಂದರೆ ನಮ್ಮ ಓಣಿಯ ಹೆಂಗಸರು ತವರಿಗೆ ಹೊರಡುತ್ತಿದ್ದರು. ಅಣ್ಣನೋ ತಮ್ಮನೋ ಕರೆಯೋಕೆ ಬರುತ್ತಿದ್ದ. ನಮ್ಮ ಅಜ್ಜಿಯನ್ನು ಕರೆಯೋಕೆ ಯಾರೂ ಬರಲಿಲ್ಲ, ಒಂದು ವರ್ಷವೂ. ದಾವಣಗೆರೆಯಲ್ಲಿ ಐವತ್ತು ವರ್ಷ ಸಂಸಾರ ಮಾಡಿದಳು, ಉಂಡಿ ಕಟ್ಟಿದಳು, ಎಲ್ಲರ ಮಕ್ಕಳಿಗೂ ಜೋಕಾಲಿ ತೂಗಿದಳು, ತವರಿನ ಮಾತು ಎತ್ತಿದರೆ ಮಾತ್ರ "ನಂಗೆ ಯಾರೂ ಇಲ್ಲ ಮಗಾ" ಅನ್ನುತ್ತಿದ್ದಳು. ನಾವು ನಂಬಿದೆವು.

ನಮಗೆ ಗೊತ್ತಿದ್ದದ್ದು ಇಷ್ಟೇ. ಅವಳ ಅಪ್ಪ ಚಿಕ್ಕಜಾಜೂರು ಜಂಕ್ಷನ್‌ನಲ್ಲಿ ರೈಲ್ವೆ ಕೆಲಸದಲ್ಲಿದ್ದರು. ಮನೆಮಾತು ಮರಾಠಿ. ಅಜ್ಜನನ್ನು ಮೆಚ್ಚಿ ಮದುವೆಯಾದ ಮೇಲೆ ಆ ಕಡೆಯ ಸಂಬಂಧ ಕಡಿದುಹೋಯಿತು. ಶನಿವಾರ ಅವಳು ಒಲೆ ಹಚ್ಚುತ್ತಿರಲಿಲ್ಲ. ಶುಕ್ರವಾರವೇ ರೊಟ್ಟಿ ಬಡಿದು, ಪಲ್ಯ ಮಾಡಿಟ್ಟು, ಹೊತ್ತು ಮುಳುಗೋ ಮುಂಚೆ ದೀಪ ಹಚ್ಚಿ ಕೂತುಬಿಡುತ್ತಿದ್ದಳು. ಓಣಿಯವರು ಹನುಮಪ್ಪನ ವಾರ ಅಂದುಕೊಂಡಿದ್ದರು. ಮನೆಯಲ್ಲಿ ಏನಾದರೂ ಒಳ್ಳೆಯದಾದರೆ ಅವಲಕ್ಕಿಗೆ ಸಕ್ಕರೆ, ಕಾಯಿತುರಿ, ಏಲಕ್ಕಿ ಕಲಸಿ ತಟ್ಟೆಯಲ್ಲಿ ಗುಡ್ಡೆ ಮಾಡಿ, ಸುತ್ತ ಐದು ಥರದ ಹಣ್ಣು ಇಟ್ಟು, ಕಣ್ಣು ಮುಚ್ಚಿ ಏನೋ ಹೇಳುತ್ತಿದ್ದಳು. ಅದರಲ್ಲಿ "ಎಲಿಯಾಹು" ಅನ್ನೋ ಒಂದು ಪದ ನನ್ನ ಕಿವಿಯಲ್ಲಿ ಉಳಿದಿತ್ತು.

ಆ ಪದ ಹಿಡಿದೇ ಹುಡುಕಿದೆ. ಅವಳು ಮಾಡುತ್ತಿದ್ದದ್ದು ಮಲಿದಾ. ಕೊಂಕಣದ ಬೆನೆ ಇಸ್ರೇಲ್ ಯಹೂದಿಗಳು ಪ್ರವಾದಿ ಎಲಿಯಾಹುವಿನ ಹೆಸರಲ್ಲಿ ಮಾಡುವ ಹರಕೆ. ಅಲಿಬಾಗ್ ಹತ್ತಿರದ ನವಗಾಂವ್ ದಡದಲ್ಲಿ ಹಡಗು ಒಡೆದು ಏಳು ಗಂಡಸರು, ಏಳು ಹೆಂಗಸರು ಬದುಕಿದರು, ನಾವು ಅವರ ಮಕ್ಕಳು ಅನ್ನೋದು ಅವರು ಹೇಳಿಕೊಂಡು ಬಂದ ಕಥೆ. ಗಾಣದ ಕಸುಬು ಅವರದು. ಶನಿವಾರ ಗಾಣ ನಿಲ್ಲಿಸುತ್ತಿದ್ದರು, ಅದಕ್ಕೇ ಸುತ್ತಲಿನವರು ಅವರನ್ನು ಶನಿವಾರ ತೇಲಿ, ಅಂದರೆ ಶನಿವಾರದ ಗಾಣಿಗರು ಅಂತ ಕರೆದರು. ಇದನ್ನು ಓದಿದ ದಿನ ನಾನು ಅಡುಗೆಮನೆಗೆ ಹೋಗಿ, ಅಜ್ಜಿಯ ಒಲೆ ಇದ್ದ ಜಾಗ ನೋಡುತ್ತಾ ತುಂಬಾ ಹೊತ್ತು ನಿಂತಿದ್ದೆ.

ಹೆಸರುಗಳೇ ದೊಡ್ಡ ಕಷ್ಟ. ಕಾಗದದಲ್ಲಿ ಅಬ್ರಹಾಂ ಅಂತಿರುವವನು ಮನೆಯಲ್ಲಿ ಅಬಾಜಿ, ಸ್ಯಾಮ್ಯುಯೆಲ್ ಅಂದರೆ ಸಾಮಾಜಿ. ಅಡ್ಡಹೆಸರು ಊರಿನದು: ಪೇಣ್‌ನವರು ಪೇಣ್‌ಕರ್, ರೋಹಾದವರು ರೋಹೇಕರ್. ಮುತ್ತಜ್ಜನಿಗೂ ಹೀಗೆ ರೈಲ್ವೆ ಕಾಗದದಲ್ಲಿ ಒಂದು, ಮನೆಯಲ್ಲಿ ಒಂದು, ಯಹೂದಿಗಳ ಹೀಬ್ರೂ ಭಾಷೆಯಲ್ಲಿ ಒಂದು ಹೆಸರು. ಒಬ್ಬರನ್ನೇ ಮೂರು ಜನ ಅಂದುಕೊಂಡು ಆರು ತಿಂಗಳು ಹುಡುಕಿದೆ. ಕೊನೆಗೆ ಗಂಟು ಬಿಚ್ಚಿದ್ದು ಮುಂಬೈಯ ಒಂದು ಸಮಾಧಿ ಕಲ್ಲಿನ ಫೋಟೊ. ಹೀಬ್ರೂ ಕಲ್ಲಿನಲ್ಲಿ ಸತ್ತವರ ಹೆಸರಿನ ಜೊತೆ ಅಪ್ಪನ ಹೆಸರೂ ಇರುತ್ತೆ, ಅಂದರೆ ಒಂದೇ ಕಲ್ಲಿನಲ್ಲಿ ಎರಡು ತಲೆಮಾರು. ಇಸವಿಯನ್ನು ಅಕ್ಷರಗಳಲ್ಲಿ ಕೆತ್ತುತ್ತಾರೆ, ಸಾವಿರದ ಅಂಕಿ ಬಿಡೋದೇ ಜಾಸ್ತಿ. ಯಹೂದಿ ಇಸವಿ 5711 ಅನ್ನೋದು 711 ಅಂತ ಬಂದರೆ ಅದಕ್ಕೆ 1240 ಕೂಡಿಸಬೇಕು, ಹೆಚ್ಚೂಕಡಿಮೆ 1951 ಆಗುತ್ತೆ.

ಆಮೇಲೆ ಡಿಎನ್‌ಎ ಪರೀಕ್ಷೆ ಮಾಡಿಸಿದೆ. ಡಿಎನ್‌ಎ ಹೊಂದುವವರ ಪಟ್ಟಿ ನೋಡಿದರೆ ಎಲ್ಲರೂ ಹತ್ತಿರದ ನೆಂಟರೇ! ಅದನ್ನು ಹಾಗೇ ನಂಬಬಾರದು. ತಲೆಮಾರುಗಟ್ಟಲೆ ತಮ್ಮೊಳಗೇ ಮದುವೆಯಾದ ಜನ ಅವರು. ಸೋದರಮಾವನ ಮಗಳನ್ನು ತರುವ ನಮ್ಮ ಕಡೆಯವರಿಗೆ ಇದು ಬೇಗ ಅರ್ಥವಾಗುತ್ತೆ ಅಲ್ವಾ, ಒಬ್ಬರೇ ಎರಡು ಮೂರು ಕಡೆಯಿಂದ ನೆಂಟರು. ಹೊಂದುವ ಡಿಎನ್‌ಎಯ ಸಣ್ಣ ಸಣ್ಣ ತುಣುಕುಗಳು ಕೂಡಿ ದೂರದವರೂ ಹತ್ತಿರ ಕಾಣುತ್ತಾರೆ. ಉದ್ದದ ತುಣುಕು ಇರುವವರಿಗೆ ಮೊದಲು ಬರೆಯಿರಿ. ನಾನು ಹಾಗೇ ಮಾಡಿದೆ, ಮೂರನೇ ದಿನ ಇಸ್ರೇಲಿನ ದಿಮೋನಾ ಊರಿಂದ ಉತ್ತರ ಬಂತು. ಅಜ್ಜಿಯ ತಮ್ಮನ ಮಗಳು.

ವಿಡಿಯೋ ಕರೆಯಲ್ಲಿ ಹದಿನೇಳು ಜನ ಒಟ್ಟಿಗೆ ಕೂತಿದ್ದರು. ದಿಮೋನಾ, ಅಶ್ದೋದ್, ಠಾಣೆ. ಮಾತು ಮರಾಠಿಯಲ್ಲಿ. ಅಮ್ಮನಿಗೆ ಅಜ್ಜಿಯಿಂದ ಬಂದ ಅಷ್ಟಿಷ್ಟು ಮರಾಠಿ ಅವತ್ತು ಕೆಲಸಕ್ಕೆ ಬಂತು. ಅಜ್ಜಿಯ ತಮ್ಮ ಇಸ್ರೇಲಿಗೆ ಹೋದ ಹೊಸತರಲ್ಲಿ ರಬ್ಬಿಗಳು, ಅಂದರೆ ಯಹೂದಿ ಧರ್ಮಗುರುಗಳು, ಬೆನೆ ಇಸ್ರೇಲರ ಮದುವೆಗೆ ತಕರಾರು ತೆಗೆದಿದ್ದರಂತೆ. ಬೆನೆ ಇಸ್ರೇಲರು ಧರಣಿ ಕೂತರು. 1964ರಲ್ಲಿ ಅಲ್ಲಿನ ಸರ್ಕಾರ ಇವರೂ ಎಲ್ಲ ರೀತಿಯಲ್ಲೂ ಯಹೂದಿಗಳೇ ಅಂತ ಹೇಳಿತು. ಆ ಧರಣಿಯಲ್ಲಿ ಅಜ್ಜಿಯ ತಮ್ಮನೂ ಇದ್ದರು. ಅಕ್ಕನ ಮದುವೆಯನ್ನು ಮನೆಯವರು ಒಪ್ಪಲಿಲ್ಲ, ತಮ್ಮನ ಜನದ ಮದುವೆಯನ್ನು ಆ ದೇಶದ ರಬ್ಬಿಗಳು ಒಪ್ಪಲಿಲ್ಲ. ಅವರಿಬ್ಬರೂ ಒಂದು ಸಲ ಕೂತು ಮಾತಾಡಬೇಕಿತ್ತು ಅಂತ ನನಗೆ ಈಗಲೂ ಅನ್ನಿಸುತ್ತೆ.

ಆಮೇಲೆ ಅವರು ತಮ್ಮ ವಂಶವೃಕ್ಷ ಕಳಿಸಿದರು. 210 ಜನ. ಅದರಲ್ಲಿ ಅಜ್ಜಿ ಇದ್ದಳು! ನಮಗೆ ಗೊತ್ತಿಲ್ಲದ ಹೆಸರಲ್ಲಿ, ಹುಟ್ಟಿದ್ದು 1931 ಅಂತ ಬರೆದು, ಮುಂದೆ ಒಂದು ಪ್ರಶ್ನೆ ಚಿಹ್ನೆ. ಅವಳ ತಮ್ಮ ಸಾಯುವವರೆಗೂ ಆ ಹೆಸರನ್ನು ಅಳಿಸೋಕೆ ಬಿಡಲಿಲ್ಲವಂತೆ.

ಅವರು ಮೊದಲು ಕೇಳಿದ್ದು ಅಜ್ಜಿ ಹೋದ ದಿನ. ಪ್ರತಿ ವರ್ಷ ಆ ದಿನ ಸತ್ತವರಿಗಾಗಿ ಕದ್ದಿಶ್ ಅನ್ನೋ ಪ್ರಾರ್ಥನೆ ಹೇಳಬೇಕು, ದೀಪ ಹಚ್ಚಬೇಕು. 2003ರ ಪಂಚಮಿ ಮುಗಿದ ವಾರ ಅಂದೆ. ಅವರ ತಿಂಗಳೂ ಅಮಾವಾಸ್ಯೆ ಕಳೆದ ಮೇಲೇ ಶುರು, ಅವರಿಗೂ ಅಧಿಕ ಮಾಸ ಇದೆ. ಲೆಕ್ಕ ಹಾಕಿದರು, ಆವ್ ತಿಂಗಳು ಅಂತ ಬಂತು.

ಈ ಸಲ ಪಂಚಮಿಗೆ ಬೆಳಿಗ್ಗೆಯೇ ದಿಮೋನಾದಿಂದ ಫೋನ್ ಬಂತು. ಅಮ್ಮ ಉಂಡಿ ಕಟ್ಟುತ್ತಿದ್ದಳು. ಎಳ್ಳು ಮೆತ್ತಿದ ಕೈಯಲ್ಲೇ ಎತ್ತಿಕೊಂಡಳು. "ನಿನ್ನ ಅಮ್ಮನ ಬದಲು ನೀನು ಬಾ" ಅಂದರಂತೆ.