ಬಣ್ಣದ ಪೆನ್ಸಿಲ್ ಚಿತ್ರದಿಂದ ಬಟ್ಟೆಯ ಟ್ಯಾಗ್: ಮಲ್ಲಿಗೆ, ಗುಳ್ಳ ಮತ್ತು ಮಳೆಗಾಲದ ತೇವ

ಬಣ್ಣದ ಪೆನ್ಸಿಲಿನ ಚಿತ್ರವನ್ನು ಬಟ್ಟೆಯ ಮೇಲೆ ಕವುಚಿ ಹಾಕಿ ಇಸ್ತ್ರಿ ಒತ್ತಿದರೆ ಚಿತ್ರ ಇಳಿಯುತ್ತದೆ ಎಂದುಕೊಂಡವರು ತುಂಬಾ ಜನ. ಇಳಿಯುವುದಿಲ್ಲ. ಮೇಣದ ಕ್ರೇಯಾನ್ ಆದರೆ ಅಷ್ಟಿಷ್ಟು ಇಳಿದೀತು. ಪೆನ್ಸಿಲ್ ಕಡ್ಡಿಯಲ್ಲಿ ಮೇಣ ಕಡಿಮೆ, ಬಣ್ಣದ ಪುಡಿ ಕಾಗದದ ನಾರಿಗೆ ಕಚ್ಚಿಕೊಂಡು ಅಲ್ಲೇ ಕೂತುಬಿಡುತ್ತದೆ. ಬಟ್ಟೆಗೆ ಸಿಗುವುದು ಒಂದು ಮಸುಕು ನೆರಳು, ಜೊತೆಗೆ ಜಿಡ್ಡಿನ ಕಲೆ. ಕೈಯಲ್ಲಿ ಹೊಲಿದ ಚೀಲಕ್ಕೋ ಮಗುವಿನ ಅಂಗಿಗೋ ಹತ್ತಿಪ್ಪತ್ತು ಟ್ಯಾಗ್ ಬೇಕಿದ್ದರೆ ಸ್ಕ್ಯಾನ್ ಮಾಡಿ, ಬಿಸಿಗೆ ಕರಗಿ ಬಟ್ಟೆಗೆ ಅಂಟುವ ಪದರವಿರುವ ಟ್ರಾನ್ಸ್‌ಫರ್ ಪೇಪರಿನ ಮೇಲೆ ಮುದ್ರಿಸಿ, ಇಸ್ತ್ರಿಯಲ್ಲಿ ಒತ್ತುವುದೇ ಸರಿ.

ಆದರೆ ಕೆಲಸ ಕೆಡುವುದು ಹೆಚ್ಚಾಗಿ ಚಿತ್ರದ ಹಂತದಲ್ಲೇ. ಉಡುಪಿಯ ಶಂಕರಪುರದ ಮಲ್ಲಿಗೆಯನ್ನೇ ತೆಗೆದುಕೊಳ್ಳಿ. ಮನೆಯ ಪ್ರಿಂಟರಿನಲ್ಲಿ ಬಿಳಿ ಶಾಯಿ ಎಂಬುದೇ ಇಲ್ಲ. ಬಿಳಿ ಇರಬೇಕಾದಲ್ಲಿ ಪ್ರಿಂಟರ್ ಏನನ್ನೂ ಹಾಕುವುದಿಲ್ಲ, ಅಲ್ಲಿ ಬಟ್ಟೆಯ ಬಣ್ಣವೇ ಕಾಣುತ್ತದೆ. ಕೋರಾ ಬಟ್ಟೆಯ ಮೇಲೆ ಮಲ್ಲಿಗೆ ಹಳದಿಗಟ್ಟುತ್ತದೆ, ಬಿಳಿ ಕೇಂಬ್ರಿಕ್ ಮೇಲೆ ಮಾಯವಾಗುತ್ತದೆ. ಎಸಳುಗಳ ನಡುವೆ ಹಸಿರು ಬೆರೆತ ಬೂದು ನೆರಳು ಕೊಟ್ಟು, ಹಿಂದೆ ಕಡು ಹಸಿರು ಎಲೆ ತುಂಬಿದರೆ ಮಾತ್ರ ಮೊಗ್ಗು ಎದ್ದು ಕಾಣುತ್ತದೆ. ಮಟ್ಟು ಗುಳ್ಳ ಎಂಬ ಬದನೆಯದ್ದು ಇದರ ಉಲ್ಟಾ ತೊಂದರೆ. ಅದರ ತಿಳಿ ಹಸಿರನ್ನು ಸ್ಕ್ಯಾನರ್ ಅರ್ಧ ನುಂಗಿಬಿಡುತ್ತದೆ. ಕಾಗದದ ಮೇಲೆ ಸ್ವಲ್ಪ ಜಾಸ್ತಿಯಾಯಿತು ಅನಿಸುವಷ್ಟು ಗಾಢವಾಗಿ ತುಂಬಿ. ಬಟ್ಟೆಯ ಮೇಲೆ ಅದು ಹದವಾಗಿ ಕಾಣುತ್ತದೆ.

ಟ್ಯಾಗಿನ ಅಳತೆ 3 × 5 ಸೆಂ.ಮೀ. ಆದರೆ ಚಿತ್ರವನ್ನು 6 × 10ರಲ್ಲಿ ಬಿಡಿಸಿ. ಅರ್ಧಕ್ಕೆ ಇಳಿಸಿದಾಗ ಗೆರೆಗಳು ಒತ್ತಾಗಿ ಕೂರುತ್ತವೆ. ಹೊರಗೆರೆ ಮಾತ್ರ 1 ಮಿ.ಮೀ.ಗಿಂತ ಸಣ್ಣದಾಗಬಾರದು, ಅರ್ಧ ಮಿಲಿಮೀಟರಿಗಿಂತ ತೆಳುವಾದ ಗೆರೆ ನೇಯ್ಗೆಯ ಸಂದಿನಲ್ಲಿ ಕಳೆದುಹೋಗುತ್ತದೆ. ಒರಟು ಡ್ರಾಯಿಂಗ್ ಶೀಟ್ ಬೇಡ, ನಯವಾದ ಐವರಿ ಶೀಟ್ ಸಾಕು. ಒರಟು ಕಾಗದದ ಗುಂಡಿಗಳಲ್ಲಿ ಬಣ್ಣ ತುಂಬದೆ ಉಳಿದ ಬಿಳಿ ಚುಕ್ಕೆಗಳು ಕಾಗದದ ಮೇಲೆ ಚಂದ, ಬಟ್ಟೆಯ ಮೇಲೆ ಬೂಸಲು ಹಿಡಿದ ಹಾಗೆ.

ಗಾಢವಾಗಿ ತುಂಬಿದ ಚಿತ್ರವನ್ನು ಕೆಲವು ದಿನ ಇಟ್ಟರೆ ಮೇಣ ಮೇಲೆದ್ದು ಬೆಳ್ಳಗಿನ ಪೊರೆ ಬರಬಹುದು. ಮೆತ್ತನೆಯ ಬಟ್ಟೆಯಲ್ಲಿ ಹಗುರವಾಗಿ ಒರೆಸಿದರೆ ಹೋಗುತ್ತದೆ. ಸ್ಕ್ಯಾನ್ 300 ಡಿಪಿಐ, ಬಣ್ಣದಲ್ಲಿ, ಆಟೋ ಕರೆಕ್ಷನ್ ಆಫ್ ಮಾಡಿ. ಚಿತ್ರದ ಸುತ್ತಲಿನ ಕಾಗದದ ಬಣ್ಣವನ್ನು ಪೂರ್ತಿ ಅಳಿಸಬೇಕು. ಕಣ್ಣಿಗೆ ಬಿಳಿಯೇ ಅನಿಸಿದರೂ ಅದು ತಿಳಿ ಬೂದು, ಬಟ್ಟೆಯ ಮೇಲೆ ಚೌಕದ ಕಲೆಯಾಗಿ ಬೀಳುತ್ತದೆ.

ಸುತ್ತ 5 ಮಿ.ಮೀ. ಅಂಚು ಬಿಟ್ಟರೆ ಒಂದು ಎ4 ಹಾಳೆಯಲ್ಲಿ 20 ಟ್ಯಾಗ್ ಹಿಡಿಯುತ್ತದೆ: ಅಡ್ಡಕ್ಕೆ 5, ಉದ್ದಕ್ಕೆ 4. ತಿಳಿ ಬಣ್ಣದ ಬಟ್ಟೆಯ ಟ್ರಾನ್ಸ್‌ಫರ್ ಪೇಪರಿಗೆ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಬೇಕು. ಹೆಸರು ಬರೆದಿದ್ದರಂತೂ ಮೊದಲು ಸಾದಾ ಹಾಳೆಯಲ್ಲಿ ಮುದ್ರಿಸಿ, ಬೆನ್ನ ಕಡೆಯಿಂದ ಕಿಟಕಿಯ ಬೆಳಕಿಗೆ ಹಿಡಿದು ಓದಿ ನೋಡಿ. ಕಡು ಬಣ್ಣದ ಬಟ್ಟೆಗೆ ಬೇರೆ ಬಗೆಯ ಹಾಳೆ ಬರುತ್ತದೆ, ಅದಕ್ಕೆ ತಿರುಗಿಸುವುದು ಬೇಡ. ಆದರೆ ಅದರ ಬಿಳಿ ಪದರ ದಪ್ಪ, ಟ್ಯಾಗ್ ಸ್ಟಿಕರ್ ಹಚ್ಚಿದಂತೆ ಕಾಣುತ್ತದೆ. ಉಡುಪಿ ಕೈಮಗ್ಗದ ಸೀರೆಯ ತುಂಡು ಕೈಯಲ್ಲಿದ್ದರೆ ಅದಕ್ಕೆ ಈ ಪದರ ಬಳಿಯುವ ಬದಲು ಟ್ಯಾಗಿನ ಅಂಚುಪಟ್ಟಿಗೆ ಬಳಸಿ.

ಕೊಳ್ಳುವಾಗ ಇಂಕ್‌ಜೆಟ್ ಪೇಪರೋ ಲೇಸರ್ ಪೇಪರೋ ಎಂದು ಕೇಳಿಯೇ ಕೊಳ್ಳಿ. ಜೆರಾಕ್ಸ್ ಅಂಗಡಿಗಳ ಬಣ್ಣದ ಯಂತ್ರ ಹೆಚ್ಚಾಗಿ ಲೇಸರ್. ಇಂಕ್‌ಜೆಟ್ ಹಾಳೆಯನ್ನು ಅದಕ್ಕೆ ತೂರಿಸಿದರೆ ಒಳಗಿನ ಬಿಸಿ ರೋಲರಿಗೆ ಪದರ ಕರಗಿ ಅಂಟುತ್ತದೆ, ಅಂಗಡಿಯವರ ಯಂತ್ರವೇ ಕೆಡುತ್ತದೆ.

ಇನ್ನು ನಮ್ಮ ಕರಾವಳಿಯ ನಿಜವಾದ ಶತ್ರು, ತೇವ. ಆಟಿ ತಿಂಗಳ ಮಳೆಯಲ್ಲಿ ಒಣಗಿದೆ ಎಂದುಕೊಂಡ ಬಟ್ಟೆಯೂ ಒಣಗಿರುವುದಿಲ್ಲ. ಇಸ್ತ್ರಿಯ ಬಿಸಿಗೆ ಆ ನೀರು ಆವಿಯಾಗಿ ಪದರವನ್ನು ಮೇಲೆತ್ತುತ್ತದೆ, ಗುಳ್ಳೆಗಳು ಏಳುತ್ತವೆ. ಮುದ್ರಿಸಿದ ಹಾಳೆಯನ್ನು ಫ್ಯಾನಿನಡಿ ಒಂದು ಗಂಟೆಯಾದರೂ ಬಿಡಿ. ಉಳಿದ ಹಾಳೆಗಳನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಜಿಪ್ ಚೀಲದಲ್ಲಿಡಿ. ಬಟ್ಟೆಯ ಗಂಜಿ ಹೋಗುವಂತೆ ಮೊದಲೇ ಒಗೆದಿರಬೇಕು, ಕಂಫರ್ಟ್ ಗಿಂಫರ್ಟ್ ಹಾಕಬಾರದು. ಒತ್ತುವ ಮುನ್ನ ಬರಿಯ ಬಟ್ಟೆಗೆ 10–15 ಸೆಕೆಂಡ್ ಇಸ್ತ್ರಿ ಕೊಟ್ಟು, ಬಿಸಿಯಿರುವಾಗಲೇ ಹಾಳೆ ಇಡಿ. ಟೈಲರ್‌ಗಳು ಪೇಸ್ಟಿಂಗ್ ಎನ್ನುವ ಅಂಟು ಕ್ಯಾನ್ವಾಸನ್ನು ಹಿಂಬದಿಗೆ ಹಚ್ಚುವುದಿದ್ದರೆ ಅದೂ ಮೊದಲೇ ಆಗಬೇಕು. ಆಮೇಲೆ ಹಚ್ಚಹೊರಟರೆ ಚಿತ್ರ ಎರಡನೇ ಸಲ ಕರಗುತ್ತದೆ.

ಸ್ಟೀಮ್ ಇಸ್ತ್ರಿಗಿಂತ ತೂತಿಲ್ಲದ ಹಳೇ ಇಸ್ತ್ರಿಪೆಟ್ಟಿಗೆ ಮೇಲು. ಆವಿಯ ತೂತಿದ್ದಲ್ಲಿ ಬಿಸಿ ತಾಗದೆ ಚುಕ್ಕೆ ಚುಕ್ಕೆಯಾಗಿ ಅಂಟು ಬಿಡುತ್ತದೆ. ಸ್ಟೀಮಿನದೇ ಇದ್ದರೆ ನೀರು ಖಾಲಿ ಮಾಡಿ, ಪೆಟ್ಟಿಗೆಯನ್ನು ಸರಿಸುತ್ತಾ ಇರಿ. ಮೆತ್ತನೆಯ ಇಸ್ತ್ರಿ ಮೇಜು ಒತ್ತಡವನ್ನೆಲ್ಲ ನುಂಗುತ್ತದೆ, ಅಡುಗೆಕಟ್ಟೆಯ ಗ್ರಾನೈಟ್ ಬಿಸಿಯನ್ನು ಎಳೆದುಕೊಳ್ಳುತ್ತದೆ. ಮರದ ಹಲಗೆಯ ಮೇಲೆ ಒಂದು ದಿಂಬಿನ ಚೀಲ ಹಾಸಿದರೆ ಸರಿ. ಚಿತ್ರಗಳನ್ನು ಕತ್ತರಿಸುವಾಗ ಮೂಲೆ ಗುಂಡಗಿರಲಿ, ಚೂಪು ಮೂಲೆಯೇ ಮೊದಲು ಏಳುವುದು. ಕಾಟನ್ ಬಿಸಿಯಲ್ಲಿ ಮೈಭಾರ ಹಾಕಿ, ಪೊಟ್ಟಣದಲ್ಲಿ ಹೇಳಿದಷ್ಟು ಹೊತ್ತು ಒತ್ತಿ. ಇಷ್ಟು ಚಿಕ್ಕ ಟ್ಯಾಗಿಗೆ ಸಾಮಾನ್ಯವಾಗಿ 20–30 ಸೆಕೆಂಡ್. ಬಿಸಿಯಲ್ಲಿ ಸುಲಿಯಬೇಕೋ ತಣಿದ ಮೇಲೋ ಎಂಬುದೂ ಪೊಟ್ಟಣದ ಮೇಲಿರುತ್ತದೆ, ಅಲ್ಲಿ ಸ್ವಂತ ಬುದ್ಧಿ ಬೇಡ. ಸುಲಿಯುವಾಗ ಒಂದು ಮೂಲೆ ಹಾಳೆಯ ಜೊತೆಗೇ ಎದ್ದು ಬಂದರೆ ನಿಲ್ಲಿಸಿ, ಮತ್ತೆ ಕೂರಿಸಿ, ಆ ಅಂಚಿಗೆ ಮಾತ್ರ ಇನ್ನೊಮ್ಮೆ ಬಿಸಿ ಕೊಡಿ. ಅಂಚು ಕಂದಿದ್ದರೆ ಬಿಸಿ ಹೆಚ್ಚಾಗಿದೆ ಎಂದರ್ಥ, ಅದನ್ನು ಸರಿಮಾಡುವ ಉಪಾಯವಿಲ್ಲ. ಹಾಗಾಗಿ ಮೊದಲ ಟ್ಯಾಗನ್ನು ಚಿಂದಿ ಬಟ್ಟೆಯ ಮೇಲೇ ಒತ್ತಿ.

ಹೊಲಿಗೆ ಆ 5 ಮಿ.ಮೀ. ಅಂಚಿನಲ್ಲೇ ಹೋಗಲಿ. ಪದರದ ಮೇಲೆ ಹೋದರೆ ತೂತಿನ ಸಾಲಿನಲ್ಲೇ ಅದು ಹರಿಯುತ್ತದೆ, ಸೂಜಿಗೂ ಅಂಟು ಹಿಡಿಯುತ್ತದೆ. 24 ಗಂಟೆ ಕಳೆದ ಮೇಲೆ, ಬಟ್ಟೆಯನ್ನು ಒಳಮೈ ಹೊರಗೆ ಮಾಡಿ, ತಣ್ಣೀರಿನಲ್ಲಿ ಒಗೆಯಬಹುದು. ಒಗೆಯುವ ಕಲ್ಲಿಗೆ ಬಡಿದರೆ ಯಾವ ಟ್ಯಾಗೂ ಉಳಿಯದು, ಮಾರುವವರು ಇದನ್ನು ಗಿರಾಕಿಗೆ ಬಾಯಿಬಿಟ್ಟು ಹೇಳುವುದು ಒಳ್ಳೆಯದು. ಮುಂದೆ ಇಸ್ತ್ರಿ ಮಾಡುವಾಗ ಟ್ಯಾಗಿನ ಮೇಲೆ ಬೇಕಿಂಗ್ ಪೇಪರ್ ಇರಲಿ.

ಒಂದೆರಡೇ ಟ್ಯಾಗ್ ಸಾಕು ಎಂದಾದರೆ ಪ್ರಿಂಟರಿನ ಸಹವಾಸವೇ ಬೇಡ. ಬಟ್ಟೆಯ ಅಡಿಗೆ ನಯವಾದ ಉಪ್ಪುಕಾಗದ ಇಟ್ಟರೆ ಜಾರುವುದಿಲ್ಲ, ನೇರವಾಗಿ ಪೆನ್ಸಿಲಿನಲ್ಲೇ ಬಿಡಿಸಬಹುದು. ಮೇಲೆ ಬಣ್ಣವನ್ನು ಬಟ್ಟೆಗೆ ಹಿಡಿಸುವ ಫ್ಯಾಬ್ರಿಕ್ ಮೀಡಿಯಂ ತೆಳ್ಳಗೆ ಬಳಿದು, ಒಂದು ದಿನ ಒಣಗಿಸಿ, ಹಿಂಬದಿಯಿಂದ 3–5 ನಿಮಿಷ ಇಸ್ತ್ರಿ ಕೊಡಿ. ವಾಟರ್‌ಕಲರ್ ಪೆನ್ಸಿಲ್ ಮಾತ್ರ ಇದಕ್ಕೆ ಆಗದು, ಮೀಡಿಯಂ ತಾಗಿದ ಕೂಡಲೇ ಗೆರೆಗಳು ಕದಡಿಹೋಗುತ್ತವೆ.