ಫೋನ್ ಒಡೆದರೆ ಹುಡುಗ ಮಾತಾಡ್ತಾನಾ?

ಧಾರವಾಡದ ಸಪ್ತಾಪುರದಲ್ಲಿ ನನ್ನದೊಂದು ಸಣ್ಣ ಮೊಬೈಲ್ ರಿಪೇರಿ ಅಂಗಡಿ ಇದೆ. ಸುತ್ತಮುತ್ತ ಬರೀ ಕೋಚಿಂಗ್ ಸೆಂಟರು, ಪಿಜಿ, ಖಾನಾವಳಿ. ಗದಗ, ಹಾವೇರಿ, ಬಾಗಲಕೋಟೆ, ವಿಜಯಪುರ ಕಡೆಯಿಂದ ಓದಲು ಬಂದ ಮಕ್ಕಳೇ ನನ್ನ ಗಿರಾಕಿಗಳು. ಯಾರದೋ ಡಿಸ್‌ಪ್ಲೇ ಹೋಗಿರುತ್ತದೆ, ಯಾರದೋ ಚಾರ್ಜಿಂಗ್ ಪಿನ್ ಸಡಿಲ ಆಗಿರುತ್ತದೆ. ರಾತ್ರಿಯಿಡೀ ಚಾರ್ಜಿಗೆ ಹಾಕಿಕೊಂಡೇ ಆಡಿ ಬ್ಯಾಟರಿ ಉಬ್ಬಿಸಿಕೊಂಡು ಬರುವವರೂ ಇದ್ದಾರೆ.

ಕೆಲವು ಫೋನ್ ನೋಡಿದ ಕೂಡಲೇ ಇದು ಕೈ ಜಾರಿ ಬಿದ್ದದ್ದಲ್ಲ ಅಂತ ಗೊತ್ತಾಗುತ್ತದೆ. ಜಾರಿ ಬಿದ್ದದ್ದಾದರೆ ಹೆಚ್ಚಾಗಿ ಒಂದು ಮೂಲೆಗೆ ಪೆಟ್ಟು ಬಿದ್ದು ಅಲ್ಲಿಂದ ಬಿರುಕು ಹರಡಿರುತ್ತದೆ. ಗೋಡೆಗೆ ಒಗೆದದ್ದಾದರೆ ಫ್ರೇಮೇ ಬಾಗಿರುತ್ತದೆ. ಅಂಥ ಫೋನನ್ನು ಅಪ್ಪ ತರುತ್ತಾರೆ. ಮಗ ಮೆಟ್ಟಿಲ ಕೆಳಗೆ, ರಸ್ತೆ ಕಡೆ ಮುಖ ಮಾಡಿ ನಿಂತಿರುತ್ತಾನೆ. "ಸಿಟ್ಟ ಬಂತ್ರಿ, ಒಗದಬಿಟ್ಟೆ" ಅನ್ನುತ್ತಾರೆ. ಆ ಅಪ್ಪಂದಿರ ಮೇಲೆ ನನಗೆ ಸಿಟ್ಟಿಲ್ಲ. ಗೋವಿನಜೋಳ, ಹತ್ತಿ ಮಾರಿದ ದುಡ್ಡಲ್ಲಿ ಫೀ ಕಟ್ಟಿರುತ್ತಾರೆ. ಮಗ ಊರಿಗೆ ಬಂದರೂ ರಾತ್ರಿ ಎರಡು ಗಂಟೆಗೆ ಹೊದಿಕೆಯೊಳಗೆ ಬೆಳಕು ಕಂಡರೆ ಯಾರಿಗೆ ಸಂಕಟ ಆಗಲ್ಲ ಹೇಳಿ?

ಆದರೆ ಕೌಂಟರಿನ ಈ ಕಡೆ ಕೂತ ನನಗೆ ಇನ್ನೊಂದು ಸಂಗತಿ ಕಾಣುತ್ತದೆ. ಮಕ್ಕಳು ಒಬ್ಬರೇ ಬಂದಾಗ "ಅಣ್ಣಾ, ಮನ್ಯಾಗ ಗೊತ್ತಾಗಬಾರದ್ರಿ" ಅಂತಲೇ ಮಾತು ಶುರು ಮಾಡುತ್ತಾರೆ.

ಒಮ್ಮೆ ಒಬ್ಬ ಪಿಯುಸಿ ಹುಡುಗಿ ಬಂದಳು. ಫೋನಿಗೆ ಏನೂ ಆಗಿರಲಿಲ್ಲ. ಟೆಂಪರ್ಡ್ ಗ್ಲಾಸ್ ಹಾಕಿಸಿಕೊಂಡಳು, ದುಡ್ಡು ಕೊಟ್ಟಳು, ಹೋಗಲಿಲ್ಲ. ಆಮೇಲೆ ಮೆಲ್ಲಗೆ ಕೇಳಿದಳು: "ಅಣ್ಣಾ, ಇನ್‌ಸ್ಟಾಗ್ರಾಂ ಅಕೌಂಟ್ ಡಿಲೀಟ್ ಮಾಡಿದ್ರ, ಬ್ಯಾರೇದವರ ಕಡೆ ಇರೂ ಫೋಟೋನೂ ಹೋಗ್ತಾವೇನ್ರಿ?" ಯಾರೋ ಅವಳ ಫೋಟೋ ತೆಗೆದು, ಕೆಟ್ಟದಾಗಿ ಎಡಿಟ್ ಮಾಡಿ ಹೆದರಿಸುತ್ತಿದ್ದ. ಊಟ ಸೇರುತ್ತಿಲ್ಲ, ಪಾಠ ತಲೆಗೆ ಹತ್ತುತ್ತಿಲ್ಲ. ಅವ್ವನಿಗೆ ಹೇಳಿದಿಯೇನವಾ ಅಂದೆ. "ಹೇಳಿದ್ರ ಫೋನ್ ಕಸ್ಕೋತಾರ್ರಿ. ಕಾಲೇಜೂ ಬಿಡಸ್ತಾರ."

ಹೆತ್ತ ತಾಯಿಗೆ ಹೇಳಬೇಕಾದ ಮಾತನ್ನು ಆ ಮಗು ಗ್ಲಾಸ್ ಅಂಟಿಸುವವನಿಗೆ ಹೇಳಿತು. ಇದು ನನ್ನನ್ನು ಬಹಳ ದಿನ ಕಾಡಿತು.

ಅಕೌಂಟ್ ಡಿಲೀಟ್ ಮಾಡಬೇಡ, ಬಂದ ಮೆಸೇಜುಗಳ ಸ್ಕ್ರೀನ್‌ಶಾಟ್ ಇಟ್ಟುಕೋ, ಅದೇ ಸಾಕ್ಷಿ ಅಂತ ಹೇಳಿದೆ. ಮಕ್ಕಳ ಸಹಾಯವಾಣಿ 1098 ಇದೆ. ಕೇಂದ್ರ ಸರ್ಕಾರದ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ಹೆಣ್ಣುಮಕ್ಕಳ, ಮಕ್ಕಳ ವಿಷಯದಲ್ಲಿ ಹೆಸರು ಹೇಳದೆಯೂ ದೂರು ಕೊಡಬಹುದು. ಕೊನೆಗೆ ಅವಳು ಅಂಗಡಿಯಿಂದಲೇ ಅಕ್ಕನಿಗೆ ಫೋನ್ ಹಚ್ಚಿದಳು. ಅಕ್ಕ ಬೈಯಲಿಲ್ಲ. ಅಷ್ಟಕ್ಕೇ ಆ ಹುಡುಗಿಗೆ ಉಸಿರು ಬಂದಂತಾಯಿತು.

ತಂದೆ ತಾಯಂದಿರಿಗೆ ನಾನು ಹೇಳಬೇಕಾಗಿರುವುದು ಇದೇ. ಫೋನ್ ಕಸಿದುಕೊಳ್ಳುತ್ತೇವೆ ಅಂತ ಹೆದರಿಸಿದಷ್ಟೂ ಫೋನಿನೊಳಗೆ ಏನು ನಡೆಯುತ್ತಿದೆ ಅನ್ನುವುದು ನಿಮಗೆ ತಿಳಿಯುವುದೇ ಇಲ್ಲ.

ಇನ್ನೊಂದು, ಜಾಸ್ತಿ ಫೋನ್ ನೋಡುವ ಎಲ್ಲ ಮಕ್ಕಳಿಗೂ 'ಅಡಿಕ್ಟ್' ಅಂತ ಹೆಸರಿಡಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ಗೇಮಿಂಗ್ ಚಟ ಸೇರಿದೆ, ಅದು 2022ರಿಂದ ಜಾರಿಯಲ್ಲೂ ಇದೆ. ಆದರೆ ಆಟದ ಮೇಲೆ ಹಿಡಿತ ತಪ್ಪಬೇಕು, ಓದು, ಊಟ, ಗೆಳೆಯರೆಲ್ಲ ಹಿಂದೆ ಬೀಳಬೇಕು, ಹಾನಿ ಕಂಡರೂ ಬಿಡಲಾಗಬಾರದು, ಅದೂ ಸಾಮಾನ್ಯವಾಗಿ 12 ತಿಂಗಳು ನಡೆದಿರಬೇಕು. ಆಗಲೇ ಡಾಕ್ಟರು ಅದನ್ನು ಕಾಯಿಲೆ ಅನ್ನುತ್ತಾರೆ. ಎಷ್ಟೋ ಸಲ ದುಃಖ ಮೊದಲು ಬಂದಿರುತ್ತದೆ, ಫೋನ್ ಆಮೇಲೆ. ಹಳ್ಳಿಯಲ್ಲಿ ಕ್ಲಾಸಿಗೇ ಫಸ್ಟ್ ಇದ್ದ ಹುಡುಗ ಇಲ್ಲಿ ವಾರದ ಟೆಸ್ಟಿನಲ್ಲಿ ಕೊನೆಗೆ ಬರುತ್ತಾನೆ. ಪಿಜಿಯಲ್ಲಿ ಅವನ ಜೊತೆ ಆ ಬಗ್ಗೆ ಮಾತಾಡುವವರು ಯಾರು? ರೀಲ್ಸ್ ನೋಡುತ್ತಾ ಮಲಗುತ್ತಾನೆ. ನಿದ್ದೆ ಕೆಡುತ್ತದೆ, ಮರುದಿನ ಮನಸ್ಸು ಇನ್ನೂ ಕುಗ್ಗುತ್ತದೆ, ರಾತ್ರಿ ಮತ್ತೆ ಅದೇ ಫೋನ್.

ರೀಲ್ಸಿಗೆ ಕೊನೆ ಅನ್ನುವುದೇ ಇಲ್ಲ. ಬೆರಳು ಸರಿಸಿದರೆ ಸಾಕು, ಇನ್ನೊಂದು ಬರುವ ಹಾಗೆ ಬೇಕಂತಲೇ ಕಟ್ಟಿದ್ದಾರೆ. 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು ಅಂತಾರೆ ವೈದ್ಯರು. ಬೆಳಗಿನ ಆರಕ್ಕೆ ಕೋಚಿಂಗ್ ಇರುವ ಹುಡುಗ ಒಂದೂವರೆವರೆಗೆ ಎಚ್ಚರ ಇದ್ದರೆ ಎಷ್ಟು ನಿದ್ದೆ ಸಿಕ್ಕೀತು?

ಅದಕ್ಕೇ ಅಪ್ಪ ಮಗ ಒಟ್ಟಿಗೆ ಬಂದರೆ ನಾನು ಇಬ್ಬರನ್ನೂ ಕೂರಿಸಿ ಸೆಟ್ಟಿಂಗ್ಸ್‌ನಲ್ಲಿ ಡಿಜಿಟಲ್ ವೆಲ್‌ಬೀಯಿಂಗ್ ತೆಗೆದು ತೋರಿಸುತ್ತೇನೆ. ಯಾವ ಆ್ಯಪ್ ಎಷ್ಟು ಹೊತ್ತು, ದಿನಕ್ಕೆ ಎಷ್ಟು ಸಲ ಅನ್‌ಲಾಕ್, ಎಲ್ಲ ಅದರಲ್ಲಿದೆ. ಮೊದಲು ಅಪ್ಪನ ಫೋನ್. ನವಲಗುಂದ ಕಡೆಯ ಒಬ್ಬರು ತಮ್ಮ ಯೂಟ್ಯೂಬ್ ಲೆಕ್ಕ ನೋಡಿ ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ ಮಗನಿಗೆ, "ನಂದೂ ಹಂಗ ಐತಲ್ಲೋ. ಇಬ್ಬರೂ ಕೂಡೇ ಕಡಿಮಿ ಮಾಡೂಣು ತಗೋ" ಅಂದರು. ರಾತ್ರಿ ಹತ್ತರ ನಂತರ ಎರಡೂ ಫೋನ್ ಪಡಸಾಲೆಯಲ್ಲಿ ಚಾರ್ಜಿಗೆ ಹಾಕುವುದು ಅಂತ ಅಲ್ಲೇ ಮಾತಾಯಿತು. ಬೆಳಿಗ್ಗೆ ಏಳಲು ಅಲಾರಂ ಬೇಕಲ್ಲ ಅಂದ ಹುಡುಗ. ಅಪ್ಪ ಸುಭಾಸ ರಸ್ತೆಗೆ ಹೋಗಿ ಒಂದು ಅಲಾರಂ ಗಡಿಯಾರ ತಗೊಂಡು ಬಂದರು. ಪಿಜಿಯಲ್ಲಿ ಇದು ಕಷ್ಟ, ನಿಜ. ಅಲ್ಲಿ ರೂಮಿನವರೆಲ್ಲ ಸೇರಿ ಒಪ್ಪಿದರೆ ಮಾತ್ರ ನಡೆಯುತ್ತದೆ.

ಇಷ್ಟರಲ್ಲೇ ಮುಗಿಯದ ಮಕ್ಕಳೂ ಇದ್ದಾರೆ. ಊಟ ಬಿಟ್ಟರೆ, ಗೆಳೆಯರನ್ನು ಬಿಟ್ಟರೆ, ಸಾಯುವ ಮಾತಾಡಿದರೆ ಒಂದು ದಿನವೂ ಕಾಯಬೇಡಿ. 14416 ಅಂದರೆ ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ನನ್ನ ಅಂಗಡಿಯ ರೇಟ್ ಪಟ್ಟಿಯ ಪಕ್ಕದಲ್ಲಿ ದೊಡ್ಡದಾಗಿ ಬರೆದು ಹಾಕಿದ್ದೇನೆ. ಮಾನಸಿಕ ಆರೋಗ್ಯದ ಸರ್ಕಾರಿ ಆಸ್ಪತ್ರೆ ಡಿಮ್ಹಾನ್ಸ್ ಅಂತೂ ನಮ್ಮೂರಲ್ಲೇ ಇದೆ. ಆದರೂ "ಹುಚ್ಚರ ದವಾಖಾನಿಗೆ ಹೋದ ಅಂತಾರ್ರಿ ಮಂದಿ" ಅಂತ ಹೆದರಿ ಎಷ್ಟೋ ಮನೆಯವರು ಆ ಗೇಟ್ ದಾಟುವುದಿಲ್ಲ. ಸಪ್ತಾಪುರದಲ್ಲಿರುವ ಯಾವ ಮಗುವಿಗಾದರೂ, ಯಾವ ಅಪ್ಪ ಅವ್ವನಿಗಾದರೂ ಒಬ್ಬರೇ ಹೋಗಲು ಅಂಜಿಕೆ ಆದರೆ ಅಂಗಡಿಗೆ ಬನ್ನಿ. ಶಟರ್ ಎಳೆದು ನಿಮ್ಮ ಜೊತೆ ನಾನು ಬರುತ್ತೇನೆ.