ಹ್ಯಾಂಡಲ್‌ಗೆ ಯಾವ ರೈಸರ್ ಹಾಕಿಸ್ಲಿ?

‘ಗುರು, ಆಫ್‌ರೋಡ್‌ಗೆ ಯಾವ ಹ್ಯಾಂಡಲ್ ಮೌಂಟ್ ಒಳ್ಳೇದು? ರಬ್ಬರ್ ಇರೋದಾ, ಗಟ್ಟಿ ಅಲ್ಯೂಮಿನಿಯಂದಾ? ರೈಸರ್ ಹಾಕಿಸಿದ್ರೆ ಬೆನ್ನುನೋವು ಹೋಗುತ್ತಾ?’ ಭಾನುವಾರ ಬೆಳಗ್ಗೆ ನಂದಿ ಬೆಟ್ಟದ ಕಡೆ ಹೊರಟ ಗುಂಪಿನಲ್ಲಿ ಯಾರಾದರೊಬ್ಬರು ಇದನ್ನು ಕೇಳೇ ಕೇಳುತ್ತಾರೆ. ಮೌಂಟ್ ಅಂದರೆ ಹ್ಯಾಂಡಲ್ಲನ್ನು ಬೈಕಿಗೆ ಹಿಡಿದಿಡುವ ಭಾಗ, ರೈಸರ್ ಅಂದರೆ ಹ್ಯಾಂಡಲ್ ಎತ್ತರಿಸಲು ಅದರಡಿ ಕೂರಿಸುವ ತುಂಡು. ನಾನು ಹೇಳೋದಿಷ್ಟು: ಈಗಿರುವುದನ್ನು ಮೊದಲು ಬಿಚ್ಚಿ ನೋಡಿ, ದುಡ್ಡು ಆಮೇಲೆ ಬಿಚ್ಚಿ.

ಸೀಟಿನ ಮೇಲೆ ಕೂತು ಎತ್ತರ ಅಳೆಯಬೇಡಿ. ಫುಟ್‌ಪೆಗ್ ಮೇಲೆ ನಿಂತು, ಮೊಣಕಾಲು ತುಸು ಬಗ್ಗಿಸಿ ಹ್ಯಾಂಡಲ್ ಹಿಡಿಯಿರಿ. ಸೊಂಟದಿಂದ ಬಾಗದೆ ಬರೀ ಬೆನ್ನು ಗೂನಾಗುತ್ತಿದ್ದರೆ ರೈಸರ್ ಬೇಕು. ಅದಕ್ಕೂ ಮೊದಲು ಹ್ಯಾಂಡಲ್ಲನ್ನು ಅದುಮಿ ಹಿಡಿದಿರುವ ಕ್ಲ್ಯಾಂಪ್ ಸಡಿಲಿಸಿ ಬಾರನ್ನೇ, ಅಂದರೆ ಹ್ಯಾಂಡಲ್‌ನ ಪೈಪನ್ನೇ, ಸ್ವಲ್ಪ ತಿರುಗಿಸಿ ನೋಡಿ, ಇದಕ್ಕೆ ಕಾಸು ಖರ್ಚಿಲ್ಲ. ಹೀರೊ ಕಂಪನಿಯ ಎಕ್ಸ್‌ಪಲ್ಸ್ ಬೈಕಿನ ರ‍್ಯಾಲಿ ಕಿಟ್‌ನಲ್ಲಿ ರೈಸರ್ ಇತ್ತು ಅಂತ ಎಲ್ಲರಿಗೂ ಬೇಕಾಗಲ್ಲ. ಬೇಕಾದವರಿಗೂ 20–30 ಮಿ.ಮೀ. ಸಾಕು. ತೀರಾ ಎತ್ತರಿಸಿದರೆ ಮುಂದಿನ ಚಕ್ರದ ಮೇಲಿನ ಭಾರ ಕಡಿಮೆಯಾಗಿ ಮರಳಿನ ತಿರುವಿನಲ್ಲಿ ಬೈಕ್ ಮಾತು ಕೇಳಲ್ಲ.

ರೈಸರ್ ಕೂರಿಸಿದ ಮೇಲೆ ಅಂಗಡಿಯಲ್ಲೇ ನ್ಯೂಟ್ರಲ್‌ನಲ್ಲಿ ಎಂಜಿನ್ ಆನ್ ಮಾಡಿ, ಹ್ಯಾಂಡಲ್ಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ. ತಿರುಗಿಸುವಾಗ ಎಂಜಿನ್ ತಾನಾಗಿ ರೈಸ್ ಆದರೆ ಆಕ್ಸಿಲರೇಟರ್ ಕೇಬಲ್ ಎಳೆಯುತ್ತಿದೆ ಅಂತ ಅರ್ಥ. ಕ್ಲಚ್ ಕೇಬಲ್, ಬ್ರೇಕ್ ಹೋಸ್ ಬಿಗಿದು ನಿಂತಿವೆಯಾ ನೋಡಿ. ಹಾಗಿದ್ದರೆ ಉದ್ದದ್ದು ಹಾಕಿಸಿ, ಇಲ್ಲವೇ ರೈಸರ್ ತೆಗೆಸಿ.

ಬಾರ್‌ನ ದಪ್ಪ ಸಾಮಾನ್ಯವಾಗಿ ಎರಡೇ: 22.2 ಮಿ.ಮೀ., ಇಲ್ಲವೇ ಕ್ಲ್ಯಾಂಪ್ ಹಿಡಿಯುವ ಜಾಗದಲ್ಲಿ 28.6. ಕ್ಲ್ಯಾಂಪ್ ಅದಕ್ಕೆ ಸರಿಯಾಗಿರಲಿ. ಕ್ಲ್ಯಾಂಪ್ ಸಡಿಲ ಅಂತ ಕೂಲ್‌ಡ್ರಿಂಕ್ ಕ್ಯಾನ್ ಕತ್ತರಿಸಿ ಸಂದಿಗೆ ತುರುಕೋ ಬುದ್ಧಿವಂತಿಕೆ ದಯವಿಟ್ಟು ಬೇಡ.

ಮೌಂಟ್‌ನೊಳಗಿನ ರಬ್ಬರ್ ಬುಷ್ ಕೈ ಜೋಮು ಹಿಡಿಸುವ ನಡುಕ ತಗ್ಗಿಸುತ್ತದೆ, ಬಿದ್ದಾಗ ಒಂದಿಷ್ಟು ಏಟನ್ನೂ ತಾನೇ ನುಂಗುತ್ತದೆ. ಗಟ್ಟಿ ಮೌಂಟ್‌ನಲ್ಲಿ ಸ್ಟಿಯರಿಂಗ್ ಕರಾರುವಾಕ್ಕು, ಆದರೆ ಪ್ರತಿ ಏಟೂ ನೇರ ಮಣಿಕಟ್ಟಿಗೆ. ವಾರವಿಡೀ ಔಟರ್ ರಿಂಗ್ ರೋಡ್ ಟ್ರಾಫಿಕ್ಕು, ಭಾನುವಾರ ಮಾತ್ರ ಮಣ್ಣು ಅನ್ನೋರಿಗೆ ರಬ್ಬರೇ ಸರಿ. ಟ್ರ್ಯಾಕ್‌ನಲ್ಲಿ ಪ್ರಾಕ್ಟೀಸ್ ಮಾಡೋರು ಗಟ್ಟಿಯದ್ದು ಹಾಕಿಸಿಕೊಳ್ಳಲಿ. ‘ಹ್ಯಾಂಡಲ್ ಅಲ್ಲಾಡುತ್ತೆ’ ಅಂತ ಹೊಸ ಮೌಂಟ್ ಕೊಳ್ಳುವ ಮುಂಚೆ ಮುಂದಿನ ಚಕ್ರವನ್ನು ಮೊಣಕಾಲುಗಳ ನಡುವೆ ಅದುಮಿ ಹಿಡಿದು ಹ್ಯಾಂಡಲ್ ಎಳೆದಾಡಿ. ಫೋರ್ಕ್ (ಮುಂದಿನ ಚಕ್ರ ಹಿಡಿದಿರುವ ಎರಡು ಕಾಲು) ಸಮೇತ ಕಟಕಟ ಅಂದರೆ ಕೋನ್‌ಸೆಟ್, ಅಂದರೆ ಸ್ಟಿಯರಿಂಗ್ ಬೇರಿಂಗ್, ನೋಡಿಸಿ. ಬಾರ್ ಮಾತ್ರ ಆಡಿದರೆ ಬುಷ್ ಸವೆದಿದೆ. ಬುಷ್ ಬದಲಿಸುವುದು ಸಣ್ಣ ಖರ್ಚು.

ಇನ್ನು ಬೋಲ್ಟು. ಅರ್ಧ ರೋಗ ಇರೋದೇ ಇಲ್ಲಿ. ಜೆ.ಸಿ. ರೋಡಲ್ಲಿ ಕೊಂಡರೂ ಅಷ್ಟೆ, ಪೀಣ್ಯದಲ್ಲಿ ಮಾಡಿಸಿದರೂ ಅಷ್ಟೆ, ರೈಸರ್ ಲಕಲಕ ಹೊಳೆಯುತ್ತದೆ, ಜೊತೆಗೆ ಕೊಡೋ ಬೋಲ್ಟ್ ಕಡೆ ಯಾರೂ ತಿರುಗಿ ನೋಡಲ್ಲ. ಅದರ ತಲೆ ಮೇಲೆ ಬಲದ ದರ್ಜೆ 8.8 ಅಂತಲೋ 10.9 ಅಂತಲೋ ಅಚ್ಚಿರಬೇಕು. ಏನೂ ಇಲ್ಲದಿದ್ದರೆ ಅದನ್ನು ಬೇರೆ ಕೆಲಸಕ್ಕೆ ಇಟ್ಟುಕೊಳ್ಳಿ. 8 ಮಿ.ಮೀ. ಬೋಲ್ಟ್ ಅಲ್ಯೂಮಿನಿಯಂ ಒಳಗೆ 12 ಮಿ.ಮೀ.ನಷ್ಟಾದರೂ ಇಳಿದಿರಲಿ.

ಬಿಗಿಯುವಾಗ ಸ್ಪ್ಯಾನರ್‌ಗೆ ಪೈಪ್ ಸಿಕ್ಕಿಸಬೇಡಿ. 8 ಮಿ.ಮೀ. ಕ್ಲ್ಯಾಂಪ್ ಬೋಲ್ಟಿಗೆ ಬೇಕಾದ ಬಿಗಿತ (ಟಾರ್ಕ್) ಹೆಚ್ಚಾಗಿ 20–25 ನ್ಯೂಟನ್ ಮೀಟರ್ ಆಸುಪಾಸು, ನಿಮ್ಮ ಬೈಕಿನ ಮ್ಯಾನ್ಯುಯಲ್ ಹೇಳಿದ್ದೇ ಅಂತಿಮ. ಕೆಲವು ಕ್ಲ್ಯಾಂಪ್ ಮೇಲೆ ಚಿಕ್ಕ ಚುಕ್ಕೆ ಇರುತ್ತದೆ. ಚುಕ್ಕೆ ಮುಂದಕ್ಕೆ ಬರಬೇಕು, ಮುಂದಿನ ಬೋಲ್ಟ್‌ಗಳನ್ನು ಮೊದಲು ಪೂರ್ತಿ ಬಿಗಿದು ಆಮೇಲೆ ಹಿಂದಿನವು. ಹಿಂದೆ ಉಳಿಯುವ ಸಂದು ಇರಲಿಕ್ಕೇ ಇರುವುದು. ಅದನ್ನು ಮುಚ್ಚಲೇಬೇಕೆಂದು ಹಟ ಹಿಡಿದರೆ ಕ್ಲ್ಯಾಂಪಿನ ಮೇಲಿನ ಕ್ಯಾಪ್ ಬಿರುಕು ಬಿಡುತ್ತದೆ. ಬಿಗಿದಾದ ಮೇಲೆ ಬೋಲ್ಟ್ ಮತ್ತು ಕ್ಲ್ಯಾಂಪ್ ಎರಡಕ್ಕೂ ಸೇರಿಸಿ ಪೇಂಟ್ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆಯಿರಿ. ಗೆರೆ ತಪ್ಪಿದರೆ ಬೋಲ್ಟ್ ಸಡಿಲಾಗಿದೆ. ಮೊದಲ ರೈಡ್ ಮುಗಿದ ಕೂಡಲೇ ಒಮ್ಮೆ ನೋಡಿ, ಆಮೇಲೆ ಬೈಕ್ ತೊಳೆದಾಗಲೆಲ್ಲ.

ಬಿದ್ದ ಮೇಲೆ ಹ್ಯಾಂಡಲ್ ಸೊಟ್ಟ ಕಂಡರೆ ಬಾರನ್ನೇ ದೂರಬೇಡಿ. ಫೋರ್ಕನ್ನು ಮೇಲೆ ಹಿಡಿದಿರುವ ‘ಟೀ’ ಅನ್ನೋ ಭಾಗದೊಳಗೆ ಫೋರ್ಕ್ ತಿರುಚಿಕೊಂಡಿರಬಹುದು, ಬೋಲ್ಟ್ ಸಡಿಲಿಸಿ ನೆಟ್ಟಗೆ ಮಾಡಿದರೆ ಎಷ್ಟೋ ಸಲ ಸರಿಹೋಗುತ್ತದೆ. ಕ್ಲ್ಯಾಂಪ್ ಬಿರಿದಿದ್ದರೆ ಮಾತ್ರ ವೆಲ್ಡಿಂಗ್ ಅಂಗಡಿಗೆ ಹೋಗಬೇಡಿ, ಜೋಡಿಯನ್ನೇ ಬದಲಿಸಿ.